ಮರಕ್ಕೆ ಮರ ಅಂಟಿಸುವ ಮುನ್ನ

ಬೇರೆ ಬೇರೆ ಜಾತಿಯ ಮರಗಳನ್ನು ಸೇರಿಸಿ ಅಂಟಿಸಬಹುದೇ ಎಂಬ ಪ್ರಶ್ನೆಗೆ ಮರಗೆಲಸದವರಲ್ಲಿ ಎರಡು ಉತ್ತರಗಳಿವೆ. ಒಂದೊಂದು ಮರ ಒಂದೊಂದು ಬಗೆಯಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಆದ್ದರಿಂದ ಬೆರೆಸಲೇಬಾರದು, ಬೆರೆಸಿದರೆ ಇಂದಲ್ಲ ನಾಳೆ ಸಂದು ಬಾಯಿಬಿಡುತ್ತದೆ ಎನ್ನುವುದು ಹಳಬರ ಎಚ್ಚರಿಕೆ. ಇಂದಿನ ಅಂಟು ಮರಕ್ಕಿಂತಲೂ ಗಟ್ಟಿ, ಯಾವುದಕ್ಕೆ ಯಾವುದನ್ನು ಅಂಟಿಸಿದರೂ ನಿಲ್ಲುತ್ತದೆ ಎನ್ನುವುದು ಹೊಸಬರ ಧೈರ್ಯ. ಎರಡು ಮಾತಿಗೂ ಪುರಾವೆ ಸಿಗುತ್ತದೆ. ಮೂರು ಜಾತಿಯ ಮರ ಸೇರಿಸಿ ಮಾಡಿದ ಗಿಟಾರಿನ ಕುತ್ತಿಗೆ ದಶಕಗಟ್ಟಲೆ ನೆಟ್ಟಗಿರುತ್ತದೆ. ಒಂದೇ ಮರದಿಂದ ಕೊಯ್ದ ಹಲಗೆಗಳಿಂದಲೇ ಮಾಡಿದ ಮೇಜು ಎರಡನೆಯ ಬೇಸಿಗೆಯಲ್ಲಿ ಸೀಳುತ್ತದೆ. ಹಾಗಾದರೆ ಮರದ ಜಾತಿಯೊಂದೇ ಇದನ್ನು ನಿರ್ಧರಿಸುವುದಿಲ್ಲ.

ಈವರೆಗಿನ ತಿಳಿವಳಿಕೆಯನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎರಡು ಮರಗಳ ನಾರು ಯಾವ ದಿಕ್ಕಿನಲ್ಲಿ ಸಂಧಿಸುತ್ತದೆ, ಆ ಸಂದು ಎಷ್ಟು ಅಗಲವಾಗಿದೆ, ಅಂಟಿಸುವ ದಿನ ಎರಡರೊಳಗೂ ಎಷ್ಟು ನೀರಿತ್ತು ಎಂಬ ಮೂರು ಸಂಗತಿಗಳು ಜಾತಿಗಿಂತ ಮುಖ್ಯ. ಇವನ್ನು ಸರಿಯಾಗಿ ಗಮನಿಸಿದರೆ ಬಹುತೇಕ ಮರಗಳನ್ನು ಬೆರೆಸಬಹುದು. ಗಮನಿಸದಿದ್ದರೆ ಒಂದೇ ಮರವೂ ಕೈಕೊಡುತ್ತದೆ.

ಮರ ಏಕೆ ಅಲುಗುತ್ತದೆ

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಪೊಳ್ಳಿನಲ್ಲಿ ಮತ್ತು ಕೋಶಗಳ ಗೋಡೆಯೊಳಗೆ. ಒಣಗುವಾಗ ಮೊದಲು ಪೊಳ್ಳಿನ ನೀರು ಹೋಗುತ್ತದೆ; ಆಗ ತೂಕ ಇಳಿಯುತ್ತದೆಯೇ ಹೊರತು ಗಾತ್ರ ಬದಲಾಗುವುದಿಲ್ಲ. ಮರದ ಒಣತೂಕಕ್ಕೆ ಹೋಲಿಸಿದರೆ ನೀರು ಸುಮಾರು ಶೇ. 28ರಿಂದ 30ಕ್ಕೆ ಇಳಿದ ಮೇಲೆ ಗೋಡೆಯೊಳಗಿನ ನೀರು ಹೊರಡಲು ಶುರುವಾಗುತ್ತದೆ. ಮರ ಕುಗ್ಗುವುದು ಅಲ್ಲಿಂದ ಮುಂದೆ.

ಕೋಶದ ಗೋಡೆಯಲ್ಲಿರುವ ಸೆಲ್ಯುಲೋಸ್ ಎಳೆಗಳು ಹೆಚ್ಚುಕಡಿಮೆ ಕಾಂಡದ ಉದ್ದಕ್ಕೇ ಸಾಗುತ್ತವೆ. ನೀರಿನ ಅಣುಗಳು ಈ ಎಳೆಗಳ ನಡುವೆ ನುಗ್ಗಿ ಅವನ್ನು ಪಕ್ಕಕ್ಕೆ ದೂಡುತ್ತವೆ, ಎಳೆಗಳನ್ನು ಉದ್ದಕ್ಕೆ ಹಿಗ್ಗಿಸುವುದಿಲ್ಲ. ಬಿಗಿದು ಕಟ್ಟಿದ ಭತ್ತದ ಹುಲ್ಲಿನ ಹೊರೆ ನೆನೆದಾಗ ಸುತ್ತಳತೆಯಲ್ಲಿ ಉಬ್ಬಿದರೂ ಹುಲ್ಲು ಉದ್ದವಾಗುವುದಿಲ್ಲ. ಮರದ ನಡತೆಯೂ ಹಾಗೆಯೇ. ಹಸಿಯಿಂದ ಪೂರ್ತಿ ಒಣಗುವವರೆಗೆ ಸಾಮಾನ್ಯ ಮರ ಉದ್ದದಲ್ಲಿ ಕುಗ್ಗುವುದು ಶೇ. 0.1ರಿಂದ 0.2ರಷ್ಟು ಮಾತ್ರ. ಅಡ್ಡಕ್ಕೆ ಅದರ ಹತ್ತಾರು ಪಟ್ಟು ಕುಗ್ಗುತ್ತದೆ.

ಅಡ್ಡದಲ್ಲೂ ಎರಡು ದಿಕ್ಕುಗಳಿವೆ. ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗುವಿಕೆ ಕಡಿಮೆ. ಬೆಳವಣಿಗೆಯ ಬಳೆಗಳ ಗುಂಟ ಆಗುವುದು ಸರಿಸುಮಾರು ಎರಡು ಪಟ್ಟು. ತಿರುಳಿನಿಂದ ಹೊರಕ್ಕೆ ಚಾಚಿರುವ ಕಿರಣಕೋಶಗಳು ಆ ದಿಕ್ಕಿನ ಚಲನೆಯನ್ನು ತಡೆಹಿಡಿಯುವುದು ಇದಕ್ಕೆ ಒಂದು ಮುಖ್ಯ ಕಾರಣ. ದಿಮ್ಮಿಯ ಮೇಲ್ಮೈಯಿಂದ ಚಪ್ಪಟೆಯಾಗಿ ಕೊಯ್ದ ಹಲಗೆ ಅಗಲದಲ್ಲಿ ಹೆಚ್ಚು ಅಲುಗುವುದಕ್ಕೂ, ಒಣಗಿದಾಗ ದೋಣಿಯಂತೆ ಬಾಗುವುದಕ್ಕೂ, ಬಳೆಗಳು ಹಲಗೆಯ ಮುಖಕ್ಕೆ ನೇರವಾಗಿ ನಿಲ್ಲುವಂತೆ ಕೊಯ್ದದ್ದು ಹೆಚ್ಚು ನೆಟ್ಟಗಿರುವುದಕ್ಕೂ ಇದೇ ಕಾರಣ. ಒಂದೇ ತೇಗದ ದಿಮ್ಮಿಯಿಂದ ಬಂದ ಎರಡು ಹಲಗೆಗಳು ಕೊಯ್ತದ ವ್ಯತ್ಯಾಸದಿಂದಲೇ ಎರಡು ಬೇರೆ ಮರಗಳಂತೆ ನಡೆದುಕೊಳ್ಳಬಹುದು.

ಯಾವ ಮರ ಎಷ್ಟು

ಅಮೆರಿಕದ ಅರಣ್ಯ ಇಲಾಖೆಗೆ ಸೇರಿದ, ಮ್ಯಾಡಿಸನ್ ನಗರದ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಪ್ರಕಟಿಸುವ ‘ವುಡ್ ಹ್ಯಾಂಡ್‌ಬುಕ್’ ಈ ಅಳತೆಗಳಿಗೆ ಜಗತ್ತಿನಾದ್ಯಂತ ಆಧಾರವಾಗಿದೆ. ಹಸಿಯಿಂದ ಪೂರ್ತಿ ಒಣಗುವವರೆಗಿನ ಕುಗ್ಗುವಿಕೆ ಅದರಲ್ಲಿ ಹೀಗಿದೆ: ತೇಗ ತಿರುಳಿನಿಂದ ಹೊರಕ್ಕೆ ಶೇ. 2.5, ಬಳೆಗಳ ಗುಂಟ ಶೇ. 5.8. ನಮ್ಮ ಬೀಟೆ ಶೇ. 2.7 ಮತ್ತು 5.8. ಅಮೆರಿಕದ ಶುಗರ್ ಮೇಪಲ್ ಶೇ. 4.8 ಮತ್ತು 9.9. ಬಿಳಿ ಓಕ್ ಶೇ. 5.6 ಮತ್ತು 10.5. ಅಲ್ಲಿನ ಬೀಚ್ ಶೇ. 5.5 ಮತ್ತು 11.9.

ತೇಗ ಮತ್ತು ಬೀಟೆಯ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ನನಗೆ ನಮ್ಮ ಆಚಾರಿಗಳ ಬಗ್ಗೆ ಗೌರವ ಹೆಚ್ಚುತ್ತದೆ. ಕರ್ನಾಟಕದ ಹಳೆಯ ಮನೆಗಳಲ್ಲೂ ಪೀಠೋಪಕರಣಗಳಲ್ಲೂ ಜೊತೆಯಾಗಿ ಕಾಣುವ ಈ ಎರಡು ಮರಗಳು ಬಣ್ಣದಲ್ಲಿ ದೂರ, ಚಲನೆಯಲ್ಲಿ ಅವಳಿಗಳು. ಪ್ರಯೋಗಾಲಯದ ಕೋಷ್ಟಕ ಇಲ್ಲದ ಕಾಲದಲ್ಲೂ ಯಾವ ಮರ ಯಾವುದರ ಜೊತೆ ಬಾಳುತ್ತದೆ ಎಂಬುದನ್ನು ಕೈ ಅರಿತಿತ್ತು.

ಹಲಗೆಯೊಂದು ನಿಜವಾಗಿ ಎಷ್ಟು ಅಲುಗುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಒಳಗಿನ ನೀರು ಶೇ. 1ರಷ್ಟು ಬದಲಾದರೆ ಚಪ್ಪಟೆ ಕೊಯ್ತದ ತೇಗ ಅಗಲದಲ್ಲಿ ಸುಮಾರು ಶೇ. 0.19 ಬದಲಾಗುತ್ತದೆ; ಶುಗರ್ ಮೇಪಲ್ ಶೇ. 0.35. ಊಟದ ಮೇಜಿನ ಹಲಗೆ 900 ಮಿ.ಮೀ. ಅಗಲವಿದ್ದು, ಬೇಸಿಗೆಗೂ ಮಳೆಗಾಲಕ್ಕೂ ನಡುವೆ ನೀರು ಶೇ. 9ರಿಂದ 15ಕ್ಕೆ ಏರಿದರೆ ತೇಗ ಸುಮಾರು 10 ಮಿ.ಮೀ. ಹಿಗ್ಗುತ್ತದೆ, ಮೇಪಲ್ 19 ಮಿ.ಮೀ. ಹಿಗ್ಗುತ್ತದೆ. ಬಳೆಗಳು ನೇರ ನಿಲ್ಲುವಂತೆ ಕೊಯ್ದ ತೇಗವಾದರೆ ಐದೂವರೆ ಮಿ.ಮೀ. ಸಾಕು. ಇಷ್ಟು ಚಲನೆಯನ್ನು ಯಾವ ಮೊಳೆಯೂ ಯಾವ ಅಂಟೂ ಹಿಡಿದು ನಿಲ್ಲಿಸಲಾರದು. ತಡೆದರೆ ಮರ ತನ್ನನ್ನೇ ಸೀಳಿಕೊಳ್ಳುತ್ತದೆ.

ಮೂರು ಬಗೆಯ ಸಂದು

ಎರಡು ಮರಗಳು ಸೇರುವ ಬಗೆ ಮೂರು. ಬೆರೆಸಬೇಕೇ ಬೇಡವೇ ಎಂಬ ವಾದದ ಬಹುಪಾಲು ಈ ಮೂರನ್ನು ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದೆ.

ಮೊದಲನೆಯದು ಅಂಚಿಗೆ ಅಂಚು. ಬೀಟೆಯ ಪಟ್ಟಿ, ಹಲಸಿನ ಪಟ್ಟಿ, ಮತ್ತೆ ಬೀಟೆ ಎಂದು ಪಕ್ಕಪಕ್ಕದಲ್ಲಿ, ಎಲ್ಲದರ ನಾರೂ ಒಂದೇ ದಿಕ್ಕಿಗೆ ಇರುವಂತೆ ಅಂಟಿಸುವುದು. ಇಲ್ಲಿ ಪ್ರತಿ ಪಟ್ಟಿಯೂ ಅಗಲಕ್ಕೆ ತನ್ನಷ್ಟಕ್ಕೆ ಹಿಗ್ಗುತ್ತದೆ. ಪಕ್ಕದ ಪಟ್ಟಿ ಒಂದಿಷ್ಟು ಸರಿದು ಜಾಗ ಕೊಡುತ್ತದೆ. ಉದ್ದಕ್ಕೆ ಯಾವುದೂ ಅಲುಗುವುದಿಲ್ಲವಾದ್ದರಿಂದ ಅಂಟಿನ ಗೆರೆಯ ಗುಂಟ ಜಗ್ಗಾಟವಿಲ್ಲ. ಉಳಿಯುವುದು ದಪ್ಪದಲ್ಲಿನ ವ್ಯತ್ಯಾಸ ಮಾತ್ರ. 20 ಮಿ.ಮೀ. ದಪ್ಪದ ತೇಗ ಮತ್ತು ಮೇಪಲ್ ಪಟ್ಟಿಗಳ ನಡುವೆ ನೀರು ಶೇ. 5ರಷ್ಟು ಬದಲಾದಾಗ ಆ ವ್ಯತ್ಯಾಸ 0.06 ಮಿ.ಮೀ. ಬೆರಳು ಆಡಿಸಿದರೆ ಮೆಟ್ಟಿಲು ತಾಗೀತು, ಸಂದು ಬಿಡದು. ಜಾತಿ ಬೆರೆಸುವುದಕ್ಕೆ ಇದು ಅತ್ಯಂತ ಕ್ಷೇಮದ ದಾರಿ.

ಎರಡನೆಯದು ಮುಖಕ್ಕೆ ಮುಖ. ಒಂದರ ಮೇಲೊಂದು ಹಲಗೆ, ನಾರು ಒಂದೇ ದಿಕ್ಕಿಗೆ. ಈಗ ಎರಡರ ಅಗಲವೂ ಒಂದೇ ಅಂಟಿನ ಪದರವನ್ನು ಹಂಚಿಕೊಂಡಿರುತ್ತದೆ. 100 ಮಿ.ಮೀ. ಅಗಲದ ತೇಗದ ಮೇಲೆ ಅಷ್ಟೇ ಅಗಲದ ಮೇಪಲ್ ಕೂತಿದ್ದರೆ, ಶೇ. 5ರ ಬದಲಾವಣೆಗೆ ತೇಗ 0.9 ಮಿ.ಮೀ., ಮೇಪಲ್ 1.8 ಮಿ.ಮೀ. ಹಿಗ್ಗಲು ನೋಡುತ್ತವೆ. ಈ ಅಂತರ ಅಂಟನ್ನು ಎಳೆಯುತ್ತದೆ, ಇಲ್ಲವೇ ಜೋಡಿಯನ್ನು ಬಾಗಿಸುತ್ತದೆ. ಅಗಲ ಕಿರಿದಾದಷ್ಟೂ ಅಪಾಯ ಕಡಿಮೆ; 50 ಮಿ.ಮೀ. ಆದರೆ ಅಂತರವೂ ಅರ್ಧ. ನಡುವೆ ಒಂದು ಮರ, ಎರಡೂ ಬದಿಗೆ ಇನ್ನೊಂದು ಮರ ಎಂದು ಸಮತೋಲದಲ್ಲಿ ಇಟ್ಟರೆ ಬಾಗು ನಿಲ್ಲುತ್ತದೆ. ಗಿಟಾರಿನ ಕುತ್ತಿಗೆಯಲ್ಲಿ ಮೇಪಲ್, ವಾಲ್‌ನಟ್‌ಗಳನ್ನು ಸೇರಿಸುವವರು ಅನುಸರಿಸುವುದು ಇದನ್ನೇ: ಕಿರಿದಾದ ಪಟ್ಟಿ, ಒಂದೇ ದಿಕ್ಕಿನ ನಾರು, ನಡುಗೆರೆಯ ಎರಡೂ ಬದಿಗೆ ಸಮನಾದ ಜೋಡಣೆ.

ಮೂರನೆಯದು ಅಡ್ಡ ನಾರು. ಒಂದರ ಅಗಲ ಇನ್ನೊಂದರ ಉದ್ದಕ್ಕೆ ಅಂಟಿರುತ್ತದೆ. ಒಂದು ಕಡೆ ಚಲನೆ ಪೂರ್ತಿ, ಇನ್ನೊಂದು ಕಡೆ ಸೊನ್ನೆ. ಕೆಡುವ ಸಂದುಗಳಲ್ಲಿ ಹೆಚ್ಚಿನವು ಇಲ್ಲಿನವೇ. ಮೇಜಿನ ತುದಿಗೆ ಅಡ್ಡಪಟ್ಟಿ ಬಳಿದಂತೆ ಅಂಟಿಸುವುದು, ಅಗಲದ ಹಲಗೆಯ ಸುತ್ತ ಮೂಲೆ ಸೇರಿಸಿ ಬಿಗಿ ಚೌಕಟ್ಟು ಹಾಕುವುದು, ಕೆಳಗೆ ಅಡ್ಡಪಟ್ಟಿ ಇಟ್ಟು ಉದ್ದಕ್ಕೂ ಅಂಟು ಸುರಿಯುವುದು, ಇವೆಲ್ಲ ಅಡ್ಡ ನಾರಿನ ಸಂದುಗಳು. 300 ಮಿ.ಮೀ. ಅಗಲದ ತೇಗ ಶೇ. 5ರ ಬದಲಾವಣೆಗೆ 2.8 ಮಿ.ಮೀ. ಚಲಿಸುತ್ತದೆ. ಅಡ್ಡಪಟ್ಟಿಯೂ ಅದೇ ತೇಗದ್ದಾಗಿದ್ದರೆ ಈ ಜಗಳ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಜಾತಿಯ ಏಕತೆ ಇಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ ಎಂಬುದನ್ನು ಕಲಿಯುವವರಿಗೆ ಮೊದಲ ದಿನವೇ ಹೇಳಬೇಕು.

ಈಚೆಗೆ ಜನಪ್ರಿಯವಾಗಿರುವ ತರಕಾರಿ ಕತ್ತರಿಸುವ ಮಣೆಗಳಲ್ಲಿ ಮರದ ತುಂಡುಗಳ ತಲೆಭಾಗ ಮೇಲೆ ಬರುವಂತೆ ಚದುರಂಗದ ಹಾಸಿನ ಹಾಗೆ ಜೋಡಿಸುತ್ತಾರೆ. ಎಲ್ಲ ತುಂಡುಗಳ ನಾರೂ ಮೇಲಿನಿಂದ ಕೆಳಕ್ಕೆ ಇರುವುದರಿಂದ ಜೋಡಣೆಯೇನೋ ಸರಿ. ಆದರೆ ಮಣೆ ಈಗ ಎರಡೂ ದಿಕ್ಕಿಗೆ ಹಿಗ್ಗುತ್ತದೆ. ಅದರ ಸುತ್ತ ಉದ್ದ ನಾರಿನ ಅಂಚುಪಟ್ಟಿ ಅಂಟಿಸಿದರೆ ಒಂದೋ ಮೂಲೆ ಬಿಚ್ಚುತ್ತದೆ, ಇಲ್ಲವೇ ಮಣೆ ಸೀಳುತ್ತದೆ.

ಅಂಟಿನಿಂದ ಏನನ್ನು ನಿರೀಕ್ಷಿಸಬಹುದು

ಚರ್ಮ, ಮೂಳೆಗಳನ್ನು ಕುದಿಸಿ ತೆಗೆದ ಸರೇಸು ಶತಮಾನಗಳ ಕಾಲ ಮರಗೆಲಸದ ಅಂಟಾಗಿತ್ತು. ಅದು ಒಣಗಿದ ಮೇಲೆ ಗಡುಸಾಗಿ ನಿಲ್ಲುತ್ತದೆ, ಬಿಸಿ ಮತ್ತು ತೇವಕ್ಕೆ ಸಡಿಲುತ್ತದೆ. ಸಡಿಲುವ ಈ ಗುಣವೇ ಪಿಟೀಲಿಗೆ ವರ. ಸ್ಪ್ರೂಸಿನ ಮೇಲ್ಹಲಗೆ, ಮೇಪಲ್ಲಿನ ಬೆನ್ನು ಇರುವ ಆ ವಾದ್ಯವನ್ನು ದುರಸ್ತಿಗಾಗಿ ಬಿಚ್ಚಿ ಮತ್ತೆ ಅಂಟಿಸಲು ಸಾಧ್ಯವಾಗಿರುವುದು ಸರೇಸಿನಿಂದ. 1959ರಲ್ಲಿ ಬಂದ ಫೆವಿಕಾಲ್ ಭಾರತದ ಬಡಗಿಯನ್ನು ಒಲೆಯ ಮೇಲಿನ ಸರೇಸಿನ ಪಾತ್ರೆಯಿಂದ ಬಿಡುಗಡೆ ಮಾಡಿತು. ಈ ಜಾತಿಯ ಬಿಳಿ ಅಂಟು ಸ್ವಲ್ಪ ಮೆತ್ತಗೆ. ಸಣ್ಣ ಚಲನೆಯನ್ನು ಸಹಿಸಿಕೊಳ್ಳುತ್ತದೆ. ಆದರೆ ಸತತ ಎಳೆತವಿದ್ದರೆ ಮೆಲ್ಲಗೆ ಜರುಗುತ್ತದೆ, ಆಗ ಅಂಟಿನ ಗೆರೆ ಮೇಲ್ಮೈಯಲ್ಲಿ ಏಣಿನಂತೆ ಎದ್ದು ಕೈಗೆ ತಾಗುತ್ತದೆ. ಯೂರಿಯಾ ಫಾರ್ಮಾಲ್ಡಿಹೈಡ್ ಮತ್ತು ಎಪಾಕ್ಸಿ ಗಡುಸು. ಜರುಗುವುದಿಲ್ಲ, ಬಳಕುವುದೂ ಇಲ್ಲ.

ಹಲವು ಮರಗಳನ್ನು ಅಂಟಿಸಿದ ದೊಡ್ಡ ಪರೀಕ್ಷೆ ಎರಡನೆಯ ಮಹಾಯುದ್ಧದಲ್ಲಿ ನಡೆಯಿತು. 1940ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಮಾಸ್ಕಿಟೊ ವಿಮಾನದ ಒಡಲು ಎರಡು ಬರ್ಚ್ ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ತುಂಬಿದ್ದಾಗಿತ್ತು; ರೆಕ್ಕೆಯಲ್ಲಿ ಸ್ಪ್ರೂಸ್, ಡಗ್ಲಸ್ ಫರ್ ಇದ್ದವು. ಮೊದಲು ಹಾಲಿನ ಕೇಸೀನ್ ಅಂಟು ಬಳಸಿದರು, ಮುಂದೆ ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾಯಿಸಿದರು. 1944ರಲ್ಲಿ ಭಾರತ–ಬರ್ಮಾ ರಂಗದಲ್ಲಿ ಕೆಲವು ವಿಮಾನಗಳ ರೆಕ್ಕೆಗಳ ಸಂದು ಬಿಟ್ಟು ಅಪಘಾತಗಳಾದವು. ನಮ್ಮ ಬಿಸಿಲು, ಮಳೆ, ತೇವವನ್ನು ಮೊದಲು ದೂರಲಾಯಿತು. ತನಿಖೆಯಲ್ಲಿ ಕಾರ್ಖಾನೆಯಲ್ಲೇ ಸರಿಯಾಗಿ ಕೂಡದ, ಸರಿಯಾಗಿ ಅಂಟದ ಸಂದುಗಳೂ ಕಂಡುಬಂದವು. ಒಳ್ಳೆಯ ಅಂಟು ಕೆಟ್ಟ ಸಂದನ್ನು ಉಳಿಸುವುದಿಲ್ಲ, ಸಂದಿನಲ್ಲಿ ಅಡಗಿದ್ದ ದೋಷವನ್ನು ಹವಾಮಾನ ಹೊರಗೆಳೆಯುತ್ತದೆ ಎಂಬ ಎರಡು ಪಾಠಗಳೂ ಅಲ್ಲಿವೆ.

ತೇಗ, ಬೀಟೆಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ಚೇಗಿನಲ್ಲಿರುವ ಎಣ್ಣೆ ಮತ್ತು ಇತರ ಸತ್ವಗಳು ಮೇಲ್ಮೈಗೆ ಬಂದು ಅಂಟು ಒಳಗೆ ಇಳಿಯದಂತೆ ತಡೆಯುತ್ತವೆ. ಹೊಸದಾಗಿ ಕೀಸಿದ ಮುಖವನ್ನು ಅದೇ ದಿನ ಅಂಟಿಸುವುದು, ಅಗತ್ಯವಿದ್ದರೆ ಅಸಿಟೋನಿನಿಂದ ಒರೆಸುವುದು ಇದಕ್ಕೆ ಪರಿಹಾರ. ನಾರಿನ ತುದಿಗೆ ತುದಿ ಇಟ್ಟು ಅಂಟಿಸಿದರೆ ಯಾವ ಮರವೂ ನಿಲ್ಲುವುದಿಲ್ಲ. ರಬ್ಬರ್ ಮರದ ತುಂಡುಗಳನ್ನು ಬೆರಳುಗಳಂತೆ ಹಲ್ಲು ಕೊಯ್ದು ಕೂಡಿಸುವುದು ಅದಕ್ಕೇ. ಹಲ್ಲಿನ ಓರೆ ಬದಿಗಳಲ್ಲಿ ಅಂಟಿಗೆ ಉದ್ದ ನಾರು ಸಿಗುತ್ತದೆ.

ನೀರಿನ ಅಂಟಿನ ಬಗ್ಗೆ ಒಂದು ಮಾತು. ಅದು ಸಂದಿನ ಅಕ್ಕಪಕ್ಕದ ಮರವನ್ನು ನೆನೆಸಿ ಉಬ್ಬಿಸುತ್ತದೆ. ಆ ಉಬ್ಬು ಇಳಿಯುವ ಮೊದಲೇ ಕೀಸಿ ಮಟ್ಟ ಮಾಡಿದರೆ, ಒಣಗಿದ ಮೇಲೆ ಸಂದಿನುದ್ದಕ್ಕೂ ತಗ್ಗು ಬೀಳುತ್ತದೆ. ಕ್ಲ್ಯಾಂಪ್ ಬಿಚ್ಚಿದ ಮೇಲೂ ಕಾಯುವವರ ಕೆಲಸ ಬೆಳಕಿನಲ್ಲಿ ನೋಡಿದರೇ ಗೊತ್ತಾಗುತ್ತದೆ.

ಜಾಗ ಬಿಡುವ ವಿದ್ಯೆ

ತಡೆಯಲಾಗದ ಚಲನೆಗೆ ದಾರಿ ಮಾಡಿಕೊಡುವುದೇ ಮರಗೆಲಸದ ಹಿರಿಯ ವಿದ್ಯೆ. ನಮ್ಮ ಮನೆಗಳ ಚೌಕಟ್ಟಿನ ಬಾಗಿಲು ಇದರ ಅತ್ಯುತ್ತಮ ಉದಾಹರಣೆ. ಕಿರಿದಾದ ಪಟ್ಟಿಗಳ ಚೌಕಟ್ಟು ಹೊರಗೆ, ಅಗಲದ ಹಲಗೆ ಒಳಗೆ. ಹಲಗೆಯ ಅಂಚು ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂರುತ್ತದೆ, ಅದಕ್ಕೆ ಅಂಟು ಹಾಕುವುದಿಲ್ಲ. ಚೌಕಟ್ಟು ತೇಗದ್ದಾಗಿ ಹಲಗೆ ಹಲಸಿನದ್ದಾದರೂ ಚಿಂತೆಯಿಲ್ಲ. ತೋಡಿನೊಳಗೆ ಒಂದೆರಡು ಹನಿ ಅಂಟು ಹರಿದು ಹಲಗೆ ಕಚ್ಚಿಕೊಂಡರೆ ಮಾತ್ರ ನಡುವೆ ಬಿರುಕು ಖಚಿತ.

ಮೇಜಿನ ತುದಿಗೆ ಅಡ್ಡಪಟ್ಟಿ ಬೇಕೇಬೇಕು ಎಂದರೆ ನಡುವೆ ಮಾತ್ರ ಅಂಟು ಹಾಕಿ, ಎರಡು ಬದಿಗಳ ಗೂಟಗಳಿಗೆ ಉದ್ದನೆಯ ತೂತು ಕೊಡುತ್ತಾರೆ. ಹಲಗೆ ನಡುವಿನಿಂದ ಎರಡೂ ಕಡೆಗೆ ಜರುಗುತ್ತದೆ. ಮೇಜಿನ ಹಲಗೆಯನ್ನು ಕಾಲಿನ ಚೌಕಟ್ಟಿಗೆ ಜರುಗುವ ಗುಂಡಿಗಳಿಂದ ಹಿಡಿಸುವುದೂ ಇದೇ ತತ್ವ.

ಎತ್ತಿನ ಗಾಡಿಯ ಚಕ್ರ ಇನ್ನೂ ಮುಂದೆ ಹೋಗುತ್ತದೆ. ಗುಂಬ, ಅರಗಳು, ಅಂಚಿನ ಬಾಗುಪಟ್ಟಿಗಳು, ಎಲ್ಲವನ್ನೂ ಅಂಟಿಲ್ಲದೆ ಕಾಯಿಸಿದ ಕಬ್ಬಿಣದ ಪಟ್ಟಿ ಬಿಗಿದು ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಚಕ್ರ ಸಡಿಲವಾದಾಗ ರೈತರು ಅದನ್ನು ಕೆರೆಯ ನೀರಿನಲ್ಲಿ ನೆನೆಹಾಕುತ್ತಿದ್ದರು. ಮರದ ಹಿಗ್ಗುವಿಕೆಯೇ ಅಲ್ಲಿ ದುರಸ್ತಿ.

ಪ್ಲೈವುಡ್ ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದ ಉತ್ತರ. ಈಜಿಪ್ಟಿನ ಸಕ್ಕಾರಾದಲ್ಲಿ ಮೂರನೆಯ ರಾಜವಂಶದ ಕಾಲದ, ಆರು ತೆಳು ಪದರಗಳ ನಾರನ್ನು ಅಡ್ಡಡ್ಡಲಾಗಿ ಇಟ್ಟು ಮರದ ಗೂಟಗಳಿಂದ ಹಿಡಿಸಿದ ಶವಪೆಟ್ಟಿಗೆ ಸಿಕ್ಕಿದೆ. ಇಂದಿನ ಪ್ಲೈವುಡ್ ಅದೇ ಯೋಚನೆಯನ್ನು ಅಂಟಿನಿಂದ ಸಾಧಿಸುತ್ತದೆ. ಅಡ್ಡ ನಾರು ಅಪಾಯ ಎಂದ ಮೇಲೆ ಇದು ಹೇಗೆ ನಿಂತಿತು? ಪದರ ತೆಳುವಾದಷ್ಟೂ ಅದು ಹುಟ್ಟಿಸುವ ಬಲ ಕಡಿಮೆ. ಅಕ್ಕಪಕ್ಕದ ಪದರಗಳು ಅದನ್ನು ತಮ್ಮ ಉದ್ದದ ಗಡುಸುತನದಿಂದ ಹಿಡಿದಿಡುತ್ತವೆ. ಪದರಗಳ ಸಂಖ್ಯೆ ಬೆಸವಾಗಿದ್ದು ನಡುಪದರದ ಎರಡೂ ಕಡೆ ಸಮನಾಗಿದ್ದರೆ ಹಾಳೆ ಬಾಗುವುದಿಲ್ಲ. ಒಂದೇ ಮುಖಕ್ಕೆ ವೆನೀರ್ ಅಂಟಿಸಿ ಇನ್ನೊಂದನ್ನು ಬರಿದೇ ಬಿಟ್ಟ ಕಪಾಟಿನ ಬಾಗಿಲು ಸೆಟೆದುಕೊಳ್ಳುವುದು ಈ ಸಮತೋಲ ತಪ್ಪಿದ್ದರಿಂದ.

ಮೈಸೂರಿನ ಬೀಟೆಯಲ್ಲಿ

ಮರಕ್ಕೆ ಬೇರೆ ಮರ ಸೇರಿಸುವ ಕಲೆ ಕರ್ನಾಟಕದಲ್ಲಿ ತುಟ್ಟತುದಿ ಮುಟ್ಟಿರುವುದು ಮೈಸೂರಿನ ಬೀಟೆ ಕುಸುರಿಯಲ್ಲಿ. ಅಂಬಾವಿಲಾಸ ಅರಮನೆಯ ಬೀಟೆ ಬಾಗಿಲುಗಳಲ್ಲಿ ಆನೆದಂತದ ಕೆತ್ತನೆ ಕೂಡಿಸಿದ್ದಾರೆ. ದಂತದ ವ್ಯಾಪಾರ ನಿಷೇಧವಾದ ಮೇಲೆ ಆ ಜಾಗಕ್ಕೆ ಪ್ಲಾಸ್ಟಿಕ್ಕೂ ಬಂತು, ಅದಕ್ಕಿಂತ ಚೆಂದವಾಗಿ ಬಗೆಬಗೆಯ ಸಹಜ ಬಣ್ಣದ ಮರಗಳೂ ಬಂದವು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕೆಲಸದಲ್ಲಿ ಚಿತ್ರವನ್ನು ಭಾಗಗಳಾಗಿ ಬಿಡಿಸಿ, ಒಂದೊಂದನ್ನೂ ಸೂಕ್ಷ್ಮ ಗರಗಸದಿಂದ ಕತ್ತರಿಸಿ, ಅದೇ ಆಕಾರಕ್ಕೆ ಬೀಟೆಯಲ್ಲಿ ತಗ್ಗು ಕೊರೆದು, ಅಂಟು ಹಾಕಿ ಕೂಡಿಸಿ, ಉಜ್ಜಿ ಹೊಳಪು ಕೊಡುತ್ತಾರೆ.

ಸೀರೆಯ ಅಂಚು, ಆನೆಯ ಸೊಂಡಿಲು, ಎಲೆ, ನೆರಳು, ಎಲ್ಲ ಬೇರೆ ಬೇರೆ ಮರ. ನಾರು ಬೇಕಾದ ದಿಕ್ಕಿಗೆ. ನಿಯಮಗಳನ್ನೆಲ್ಲ ಮುರಿದಂತೆ ಕಾಣುವ ಈ ಕೆಲಸ ಉಳಿಯುವುದು ಅಳತೆಯಿಂದ. ಪ್ರತಿ ತುಂಡೂ ತೆಳು, ಪ್ರತಿ ತುಂಡೂ ಚಿಕ್ಕದು. 10 ಮಿ.ಮೀ. ಅಗಲದ ತುಂಡಿನ ಚಲನೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಅಷ್ಟನ್ನು ಅಂಟು ಮತ್ತು ಮರದ ಸಹಜ ಬಳುಕು ನುಂಗಿಕೊಳ್ಳುತ್ತವೆ. ಕೆಳಗಿನ ಬೀಟೆಯೋ ಕಡಿಮೆ ಅಲುಗುವ ಮರ. ಮರ ಚೆನ್ನಾಗಿ ಹದವಾಗಿದ್ದರೆ ಈ ಚಿತ್ರಗಳು ತಲೆಮಾರುಗಳನ್ನು ದಾಟುತ್ತವೆ. ಹದವಾಗದ ಮರದ ಮೇಲೆ ಆತುರದಿಂದ ಮಾಡಿದ್ದರಲ್ಲಿ ಮೊದಲ ಬೇಸಿಗೆಗೇ ತುಂಡುಗಳ ಸುತ್ತ ಕೂದಲೆಳೆಯ ಸಂದು ಕಾಣುತ್ತದೆ.

ಹದ ಮತ್ತು ಊರು

ಹದ ಎಂದರೆ ಸುಮ್ಮನೆ ಒಣಗುವುದಲ್ಲ, ಮರ ಬಾಳಬೇಕಾದ ಊರಿನ ಗಾಳಿಗೆ ಒಗ್ಗುವುದು. ಗಾಳಿಯ ತೇವಾಂಶ ಶೇ. 40 ಇದ್ದರೆ ಮರದ ನೀರು ಶೇ. 7–8ಕ್ಕೆ ನಿಲ್ಲುತ್ತದೆ, ಶೇ. 65 ಇದ್ದರೆ 12ಕ್ಕೆ, ಶೇ. 80 ಇದ್ದರೆ 16ಕ್ಕೆ. ಮಾರ್ಚ್ ತಿಂಗಳ ರಾಯಚೂರು ಮತ್ತು ಜುಲೈ ತಿಂಗಳ ಮಂಗಳೂರು ಮರದ ಪಾಲಿಗೆ ಎರಡು ದೇಶಗಳು. ಭಾರತೀಯ ಮಾನಕ ಐಎಸ್ 287 ದೇಶವನ್ನು ಗಾಳಿಯ ತೇವದ ಪ್ರಕಾರ ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ಕೆಲಸಕ್ಕೆ ಮರದಲ್ಲಿ ಎಷ್ಟು ನೀರು ಇರಬಹುದು ಎಂದು ನಿಗದಿ ಮಾಡಿದೆ. ಮರ ಕೊಳ್ಳುವವರೂ ಮಾರುವವರೂ ಇದನ್ನು ನೋಡಬೇಕು.

ಬೆಂಗಳೂರಿನಲ್ಲಿ ತೇಗ–ಬೀಟೆಯ ದೇವರ ಮಂಟಪ ಮಾಡಿಸಿ ಅಮೆರಿಕಕ್ಕೆ ಒಯ್ಯುವ ಕನ್ನಡಿಗರಿಗೆ ಇದು ಇನ್ನೂ ಮುಖ್ಯ. ಅಲ್ಲಿನ ಚಳಿ ಪ್ರದೇಶಗಳಲ್ಲಿ ಹೀಟರ್ ಉರಿಯುವ ಮನೆಯ ತೇವಾಂಶ ಶೇ. 25–30ಕ್ಕೆ ಇಳಿಯುತ್ತದೆ, ಮರದ ನೀರು ಶೇ. 6ರ ಆಸುಪಾಸಿಗೆ ಬರುತ್ತದೆ. ಇಲ್ಲಿ ಶೇ. 13 ಇದ್ದ 450 ಮಿ.ಮೀ. ಅಗಲದ ತೇಗದ ಹಲಗೆ ಅಲ್ಲಿ ಸುಮಾರು 6 ಮಿ.ಮೀ. ಕುಗ್ಗುತ್ತದೆ. ಹಲಗೆ ತೋಡಿನಲ್ಲಿ ಸಡಿಲವಾಗಿದ್ದರೆ ಮಂಟಪ ಉಳಿಯುತ್ತದೆ. ಅಂಟಿ ಬಿಗಿದಿದ್ದರೆ ಹಲಗೆ ಸೀಳುತ್ತದೆ.

ಪಾಲಿಶ್ ಹಚ್ಚಿದರೆ ಚಲನೆ ನಿಲ್ಲುತ್ತದೆ ಎಂಬ ನಂಬಿಕೆಯನ್ನೂ ಬಿಡಬೇಕು. ವಾರ್ನಿಷ್, ಅರಗಿನ ಪಾಲಿಶ್‌ಗಳು ತೇವ ಒಳಹೊಕ್ಕುವ ವೇಗವನ್ನು ತಗ್ಗಿಸುತ್ತವೆ. ಎಣ್ಣೆ ಅಷ್ಟನ್ನೂ ಮಾಡುವುದಿಲ್ಲ. ಋತುವಿನ ದೀರ್ಘ ಏರಿಳಿತವನ್ನು ಯಾವುದೂ ತಡೆಯದು. ಹಚ್ಚುವುದಾದರೆ ಎರಡೂ ಮುಖಕ್ಕೆ ಸಮನಾಗಿ ಹಚ್ಚಬೇಕು, ಕಾಣದ ತಳಕ್ಕೂ.

ಮುಂದಿನ ಮರ

ಈ ತಿಳಿವಳಿಕೆ ಇಂದು ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ. ಅಗಲವಾದ ತೇಗ, ಬೀಟೆಯ ಹಲಗೆಗಳ ಕಾಲ ಮುಗಿಯುತ್ತಿದೆ. 2017ರಿಂದ ಬೀಟೆಯ ಕುಲವಿಡೀ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಪಟ್ಟಿಯಲ್ಲಿದೆ. ಮುಂದೆ ನಮ್ಮ ಮನೆಗಳಿಗೆ ಬರುವುದು ಕಾಫಿ ತೋಟದ ಸಿಲ್ವರ್ ಓಕ್, ರಬ್ಬರ್, ಅಕೇಶಿಯ, ಮಾವು, ಹಲಸು, ಅವುಗಳ ಕಿರಿದಾದ, ಗಿಡ್ಡನೆಯ ತುಂಡುಗಳು. ಅವನ್ನು ಕೂಡಿಸದೆ ಅಗಲವಾದ ಏನನ್ನೂ ಮಾಡಲಾಗದು. ಬೆರೆಸದೆ ಅಪರೂಪದ ಮರವನ್ನು ಉಳಿಸಲಾಗದು. ಬೀಟೆಯ ಒಂದು ತೆಳು ಪಟ್ಟಿ ಹಲಸಿನ ಮೇಜಿಗೆ ಕೊಡುವ ಚೆಲುವಿಗಾಗಿ ಇಡೀ ಬೀಟೆಯ ಹಲಗೆ ಬೇಕಾಗಿಲ್ಲ.

ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕಡೆ ಈ ವಿಷಯದ ವಿಜ್ಞಾನ ಇದೆ. ಓಣಿಯ ಬಡಗಿಯ ಕೈಯಲ್ಲಿ ಅನುಭವ ಇದೆ. ಇವೆರಡರ ನಡುವೆ ಕನ್ನಡದಲ್ಲಿ ಕೋಷ್ಟಕಗಳು, ಕೈಪಿಡಿಗಳು ಬರಬೇಕು. ನಮ್ಮ ಮರಗಳ ಚಲನೆಯ ಅಂಕಿ ಪ್ರತಿ ಮರದ ಡಿಪೋದ ಗೋಡೆಯ ಮೇಲೆ ಇರಬೇಕು. ತೇವ ಅಳೆಯುವ ಮೀಟರ್ ಉಳಿ, ಗರಗಸಗಳಷ್ಟೇ ಸಾಮಾನ್ಯ ಸಲಕರಣೆಯಾಗಬೇಕು. ಅಂಟಿಸುವ ಮುನ್ನ ನಾರು ಯಾವ ದಿಕ್ಕಿಗಿದೆ, ಸಂದು ಎಷ್ಟು ಅಗಲ, ಒಳಗೆ ನೀರೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಆಮೇಲೆ ಜಾತಿಯನ್ನು ಯೋಚಿಸುವ ಬಡಗಿಗೆ ಯಾವ ಮರವೂ ಪರಕೀಯವಲ್ಲ. ಆ ಮೂರು ಪ್ರಶ್ನೆಗಳನ್ನು ಕಲಿಸುವುದಕ್ಕೆ ಆಗುವ ಖರ್ಚು, ಸೀಳಿದ ಒಂದು ಮೇಜನ್ನು ಬದಲಿಸುವ ಖರ್ಚಿಗಿಂತ ಕಡಿಮೆ.